ಚಕ್ರವರ್ತಿಯ ಹೊಣೆ: 1812ರ ದಂಡಯಾತ್ರೆಯ ಇತಿಹಾಸ ಮತ್ತು ಟಾಲ್‌ಸ್ಟಾಯ್‌ಯ ಕಾದಂಬರಿ

1812ನೆಯ ಇಸವಿಯ ಜೂನ್ 24ರಂದು ನೆಪೋಲಿಯನ್ ಚಕ್ರವರ್ತಿಯ ಸೇನೆಯು ನೀಮೆನ್ ನದಿಯನ್ನು ದಾಟಿ ರಷ್ಯಾದ ನೆಲವನ್ನು ಹೊಕ್ಕಿತು. ಆ ದಂಡಯಾತ್ರೆಯ ವಿಷಯವಾಗಿ ನಮ್ಮ ವಿದ್ಯಾರ್ಥಿಗಳ ತಿಳಿವಳಿಕೆಗೆ ಸಾಮಾನ್ಯವಾಗಿ ಎರಡೇ ಆಧಾರಗಳು: ಪಠ್ಯಪುಸ್ತಕದ ಅರ್ಧ ಪುಟ, ಮತ್ತು ಕನ್ನಡಕ್ಕೂ ಬಂದಿರುವ ಟಾಲ್‌ಸ್ಟಾಯ್‌ಯ 'ಯುದ್ಧ ಮತ್ತು ಶಾಂತಿ'. ನೆಪೋಲಿಯನ್ನನನ್ನು ರಷ್ಯಾದ ಚಳಿ ಸೋಲಿಸಿತೆಂದು ಮೊದಲನೆಯದು ಹೇಳುತ್ತದೆ. ಅವನನ್ನು ಯಾವ ಒಬ್ಬ ಮನುಷ್ಯನೂ ಸೋಲಿಸಲಿಲ್ಲವೆಂದೂ, ಆ ಯುದ್ಧವನ್ನು ನಿಜವಾಗಿ ನಡೆಸಿದವನು ಅವನೂ ಅಲ್ಲವೆಂದೂ ಎರಡನೆಯದು ವಾದಿಸುತ್ತದೆ. ಎರಡರ ಫಲವೂ ಒಂದೇ: ಲಕ್ಷಾಂತರ ಜನರ ಸಾವಿಗೆ ಉತ್ತರ ಹೇಳಬೇಕಾದವರು ಯಾರೂ ಉಳಿಯುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ.

ಚಳಿಯ ವಾದವನ್ನು ಲೋಕಕ್ಕೆಲ್ಲ ಸಾರಿದವನು ಸ್ವತಃ ನೆಪೋಲಿಯನ್. ಡಿಸೆಂಬರ್ 3ರ ದಿನಾಂಕವುಳ್ಳ ಅವನ 29ನೆಯ ಸೇನಾ ಪ್ರಕಟಣೆಯನ್ನು ನಂಬುವುದಾದರೆ, ನವೆಂಬರ್ ಮೊದಲ ವಾರದವರೆಗೆ ಎಲ್ಲವೂ ನೆಟ್ಟಗಿದ್ದು, ಬಳಿಕ ಹಿಮವೊಂದೇ ಸೇನೆಯನ್ನು ನುಂಗಿತು. ಇದಕ್ಕೆ ತಕ್ಕ ಉತ್ತರವನ್ನು ಕೊಟ್ಟವನು ಷಾರ್ಲ್ ಮಿನಾರ್ ಎಂಬ ವೃದ್ಧ ಫ್ರೆಂಚ್ ಇಂಜಿನಿಯರು. 1869ರಲ್ಲಿ ಅವನು ರಚಿಸಿದ ನಕ್ಷೆಯಲ್ಲಿ ನೀಮೆನ್ ದಾಟಿದವರು 4,22,000; ಮಾಸ್ಕೋ ತಲಪಿದವರು 1,00,000; ಹಿಂದಿರುಗಿ ನದಿಯನ್ನು ದಾಟಿದವರು 10,000. ಪಕ್ಕದ ದಾರಿಗಳಿಗೆ ಕಳುಹಿಸಿದ ಎರಡು ದಳಗಳ 82,000 ಮಂದಿಯನ್ನು ಕಳೆದರೂ, ಸೆಪ್ಟೆಂಬರ್ 14ರಂದು ಮಾಸ್ಕೋ ಹೊಗುವ ವೇಳೆಗೆ ಎರಡೂವರೆ ಲಕ್ಷಕ್ಕೆ ಹತ್ತಿರದ ಕೊರತೆ ಕಾಣುತ್ತದೆ. ಇವರಲ್ಲಿ ದಾರಿಯ ಠಾಣ್ಯಗಳಲ್ಲಿ ನಿಂತವರೂ ಇದ್ದಿರಬೇಕು. ಆದರೆ ಹಸಿವು, ರೋಗ, ಪಲಾಯನಗಳಿಂದ ಕರಗಿದವರ ಸಂಖ್ಯೆ ಅಲ್ಪವಲ್ಲ. ಅವರೆಲ್ಲ ಹೋದದ್ದು ಬೇಸಗೆಯ ಬಿಸಿಲಿನಲ್ಲಿ. ನದಿ ದಾಟಿದ ಕೆಲವೇ ದಿನಗಳಲ್ಲಿ, ಬಿರುಮಳೆಗೂ ಹಸಿ ಮೇವಿಗೂ ಸಿಕ್ಕಿ ಸಾವಿರಾರು ಕುದುರೆಗಳು ಸತ್ತವು. ಕುದುರೆ ಸತ್ತರೆ ಬಂಡಿ ನಿಲ್ಲುತ್ತದೆ, ಬಂಡಿ ನಿಂತರೆ ಸಿಪಾಯಿಗೆ ರೊಟ್ಟಿಯಿಲ್ಲ. ಯುದ್ಧದ ಇತಿಹಾಸವನ್ನು ಬರೆಯುವವರು ಖಡ್ಗಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಬಂಡಿಗಳನ್ನು ಎಣಿಸಿದ್ದರೆ ಚಳಿಯ ಕಥೆ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಟಾಲ್‌ಸ್ಟಾಯ್‌ಯ ಕಾದಂಬರಿಯೂ ಅದೇ 1869ರಲ್ಲಿ ಮುಗಿಯಿತು. ಸೆವಾಸ್ತೊಪೋಲಿನ ಮುತ್ತಿಗೆಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ ಅವನಿಗೆ ರಣರಂಗ ಪುಸ್ತಕದ ಅನುಭವವಾಗಿರಲಿಲ್ಲ. 1867ರಲ್ಲಿ ಬೊರೊಡಿನೊಗೆ ಹೋಗಿ, ನೆಲವನ್ನು ಸುತ್ತಿ ನೋಡಿ ಬಂದು, ಕಾದಂಬರಿಯೊಳಗೇ ಒಂದು ನಕ್ಷೆಯನ್ನಿಟ್ಟು, ಇತಿಹಾಸಕಾರರು ಹೇಳುವ ಸ್ಥಳದಲ್ಲಿ ರಷ್ಯನ್ನರು ಮೊದಲು ನೆಲೆ ಹಿಡಿದಿರಲಿಲ್ಲವೆಂದು ವಾದ ಹೂಡಿದನು. ಕಾದಂಬರಿಕಾರನೊಬ್ಬನು ಇತಿಹಾಸಕಾರರೊಡನೆ ಅವರ ಅಸ್ತ್ರದಿಂದಲೇ ಹೋರಾಡಿದ ಇಂತಹ ನಿದರ್ಶನ ವಿರಳ.

ಆಧಾರಗಳನ್ನು ಅವನು ಬಳಸಿಕೊಂಡ ಬಗೆಯನ್ನು ಅರಿಯಲು ಲಾವ್ರುಷ್ಕನ ಪ್ರಸಂಗವೊಂದೇ ಸಾಕು. ಸೆರೆಸಿಕ್ಕ ಕೊಸಾಕನೊಬ್ಬನು ತನ್ನೊಡನೆ ಮಾತಾಡುತ್ತಿರುವವನು ನೆಪೋಲಿಯನ್ ಎಂದು ತಿಳಿದೊಡನೆ ಬೆರಗಾಗಿ ಮೂಕನಾದನೆಂದು ತಿಯೇರ್ ತನ್ನ ಬೃಹದಿತಿಹಾಸದಲ್ಲಿ ಭಕ್ತಿಯಿಂದ ಬರೆದಿದ್ದಾನೆ. ಟಾಲ್‌ಸ್ಟಾಯ್ ಆ ಕೊಸಾಕನನ್ನು ರೊಸ್ತೋವನ ಕುಡುಕ ಆಳನ್ನಾಗಿ ಮಾರ್ಪಡಿಸುತ್ತಾನೆ. ಎದುರಿಗಿರುವವನು ಯಾರೆಂದು ಇವನಿಗೆ ಮೊದಲೇ ಗೊತ್ತು. ಒಡೆಯರನ್ನು ಮೆಚ್ಚಿಸಿ ಬದುಕುವುದು ಅಭ್ಯಾಸವಾದ್ದರಿಂದ ಬೆರಗನ್ನು ನಟಿಸುತ್ತಾನೆ, ಅಷ್ಟೆ. ಘಟನೆಯಲ್ಲಿ ಹೆಚ್ಚೇನೂ ಬದಲಾಗಿಲ್ಲ. ನೋಡುವ ಕಣ್ಣು ಚಕ್ರವರ್ತಿಯ ಪರಿವಾರದಿಂದ ಆಳಿನ ಕಡೆಗೆ ಸರಿದಿದೆ. ಇದಕ್ಕೆ ದಾಖಲೆ ಇಲ್ಲವೆಂಬುದು ನಿಜ. ಆದರೆ ತಿಯೇರನ ಬೆರಗಿಗಾದರೂ ದಾಖಲೆ ಎಲ್ಲಿದೆ? ಕೊಸಾಕನ ಮನಸ್ಸನ್ನು ಅವನೂ ಹೊಕ್ಕು ನೋಡಿದವನಲ್ಲ.

ಇಂತಹ ಕಣ್ಣುಳ್ಳ ಲೇಖಕನು ತನ್ನ ಸಿದ್ಧಾಂತದ ಅಧ್ಯಾಯಗಳಲ್ಲಿ ಮಾತ್ರ ನಮ್ಮನ್ನು ನಿರಾಶೆಗೊಳಿಸುತ್ತಾನೆ. ಮಹಾಪುರುಷರೆನ್ನಿಸಿಕೊಂಡವರು ಘಟನೆಗಳಿಗೆ ಅಂಟಿಸಿದ ಹೆಸರಿನ ಚೀಟಿಗಳು ಮಾತ್ರ. ಅಗಣಿತ ಜನರ ಅಗಣಿತ ಇಚ್ಛೆಗಳು ಕೂಡಿ ಯುದ್ಧವಾಗುತ್ತದೆ. ಆಗಬೇಕಾದ್ದರಿಂದಲೇ ಅದು ಆಯಿತು. ಇದು ಅವನ ವಾದ. ನೆಪೋಲಿಯನ್ನನನ್ನು ಸಣ್ಣವನನ್ನಾಗಿ ಮಾಡಲು ಹೊರಟ ಈ ವಾದ ಅವನನ್ನು ನಿರ್ದೋಷಿಯನ್ನಾಗಿ ಮಾಡಿಬಿಡುತ್ತದೆ. ಚೀಟಿಯನ್ನು ಯಾವ ನ್ಯಾಯಸ್ಥಾನವೂ ವಿಚಾರಿಸುವಂತಿಲ್ಲ.

ಈ ವಾದಕ್ಕೆ ಸಮರ್ಥವಾದ ಪ್ರತ್ಯುತ್ತರವೆಂದು ನಾವು ಎಣಿಸುವ ಗ್ರಂಥವನ್ನು ಟಾಲ್‌ಸ್ಟಾಯ್ ಓದುವಂತಿರಲಿಲ್ಲ. ಕೊಲೆಂಕೂರನ ಸ್ಮೃತಿಗಳು ಅಚ್ಚಾದದ್ದು 1933ರಲ್ಲಿ. ಟಾಲ್‌ಸ್ಟಾಯ್ ತೀರಿಕೊಂಡದ್ದು 1910ರಲ್ಲಿ. ಕೊಲೆಂಕೂರನು 1807ರಿಂದ 1811ರವರೆಗೆ ರಷ್ಯಾದ ರಾಜಧಾನಿಯಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದವನು. 1811ರ ಜೂನ್ ತಿಂಗಳಲ್ಲಿ ಹಿಂದಿರುಗಿದವನೇ, ತ್ಸಾರ್ ಅಲೆಕ್ಸಾಂಡರನು ಸಂಧಿಗೆ ಒಪ್ಪುವುದಕ್ಕಿಂತ ದೇಶದ ಕಟ್ಟಕಡೆಯ ಅಂಚಿನವರೆಗೂ ಹಿಂದೆ ಸರಿಯುವನೆಂದೂ, ಅಲ್ಲಿಯ ಹವೆ ಅವನ ಪಕ್ಷವೆಂದೂ ಗಂಟೆಗಟ್ಟಲೆ ಚಕ್ರವರ್ತಿಗೆ ವಿವರಿಸಿದನು. ನೆಪೋಲಿಯನ್ ಎಲ್ಲವನ್ನೂ ಕೇಳಿದನು, ಕೇಳಿಯೂ ಹೊರಟನು. ಅಗಣಿತ ಇಚ್ಛೆಗಳ ನಡುವೆ, ಬೇಡವೆನ್ನಬಹುದಾಗಿದ್ದ ಒಂದು ಇಚ್ಛೆ ಇಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಕೊಲೆಂಕೂರನು ತನ್ನ ಪಾತ್ರವನ್ನು ಕೊಂಚ ಬೆಳಗಿ ಬರೆದಿರಬಹುದೆಂಬ ಶಂಕೆ ನ್ಯಾಯವಾದದ್ದೇ. ಆದರೆ ಅವನು ಚಕ್ರವರ್ತಿಯ ದ್ವೇಷಿಯಲ್ಲ, ಕಡೆಯವರೆಗೂ ಸೇವಕ.

ಕಾದಂಬರಿ ಬಿಟ್ಟದ್ದೂ ಇದೆ. ರಷ್ಯದ ಸೇನೆ 1814ರ ಮಾರ್ಚ್ 31ರಂದು ಪ್ಯಾರಿಸನ್ನು ಹೊಕ್ಕದ್ದಕ್ಕೆ ಅಲ್ಲಿ ಎಡೆಯಿಲ್ಲ. ಡೊಮಿನಿಕ್ ಲೀವೆನ್ 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಎತ್ತಿಹಿಡಿದು, ಕುದುರೆ, ಆಹಾರ, ಬೇಹುಗಾರಿಕೆಗಳ ಹಿಂದಿದ್ದ ಸರ್ಕಾರದ ಬುದ್ಧಿಯನ್ನು ಟಾಲ್‌ಸ್ಟಾಯ್ ಮರೆಮಾಡಿದನೆಂದು ಆಕ್ಷೇಪಿಸಿದ್ದಾರೆ. ಹಿಂಜರಿತದ ತಂತ್ರವನ್ನು ಸೈರಣೆಯಿಂದ ನಡೆಸಿ ಬೈಗುಳ ತಿಂದ ಬಾರ್ಕ್ಲೆಗೆ ಕಾದಂಬರಿಯಲ್ಲಿ ನ್ಯಾಯ ದೊರೆತಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ.

ಕನ್ನಡ ನಾಡಿನ ವಿದ್ಯಾರ್ಥಿಗೆ ನೆಪೋಲಿಯನ್ ಎಂದರೆ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದವನು. ಇಂಗ್ಲಿಷರ ಕೈಗೆ ಸಿಕ್ಕಿ ಅದು ಶ್ರೀರಂಗಪಟ್ಟಣವನ್ನು ಮುಟ್ಟಲೇ ಇಲ್ಲ. ವೈರಿಯ ವೈರಿಯೆಂಬ ಈ ಮಮತೆಯಿಂದಲೋ ಏನೋ, ಉತ್ತರಪತ್ರಿಕೆಗಳಲ್ಲಿ ಅವನ ಮೇಲೆ ಕರುಣೆಯೇ ಹೆಚ್ಚು. ಅಂತಹ ವಿದ್ಯಾರ್ಥಿಯು ಬೊರೊಡಿನೊ ಅಧ್ಯಾಯಗಳನ್ನು ಓದಿದೊಡನೆಯೇ ಕೊಲೆಂಕೂರನ ಗ್ರಂಥವನ್ನೂ ತೆರೆಯಲಿ. ಸೆಪ್ಟೆಂಬರ್ 7ರ ಆ ಕಾಳಗದಲ್ಲಿ ರಷ್ಯನ್ನರ ಕೊತ್ತಳವನ್ನು ಹೊಕ್ಕು ಮಡಿದ ಫ್ರೆಂಚ್ ಸೇನಾನಿ ಓಗ್ಯುಸ್ತ್ ಅವನ ಸ್ವಂತ ತಮ್ಮ. ಡಿಸೆಂಬರ್ 5ರ ರಾತ್ರಿ, ಉಳಿದ ಸೇನೆಯನ್ನು ಹಿಮದಲ್ಲಿ ಬಿಟ್ಟು ಪ್ಯಾರಿಸಿಗೆ ಹೊರಟ ಚಕ್ರವರ್ತಿಯ ಪಕ್ಕದಲ್ಲಿ, ಒಂದೇ ಗಾಡಿಯಲ್ಲಿ ಕುಳಿತವನು ಆ ಅಣ್ಣನೇ. ಹದಿಮೂರು ದಿನಗಳ ಆ ಪ್ರಯಾಣದಲ್ಲಿ ನೆಪೋಲಿಯನ್ ಆಡಿದ ಮಾತುಗಳನ್ನು ಅವನು ಬರೆದಿಟ್ಟಿದ್ದಾನೆ.