ಸಭೆಯ ಮುಂದಿಟ್ಟ ಪ್ರಶ್ನೆ

ಕರುಣರಸಕ್ಕೆ ಶೋಕವು ಸ್ಥಾಯೀಭಾವವೆಂದು ಲಾಕ್ಷಣಿಕರು ಹೇಳಿರುವರು. ನೊಂದವರನ್ನು ಕಂಡು ಸಹೃದಯನ ಮನಸ್ಸು ಕರಗಿದರೆ ಕಾವ್ಯವು ಸಾರ್ಥಕವಾಯಿತೆಂಬುದು ಬಹುಕಾಲದಿಂದ ಬಂದ ಮತ. ಆದರೆ ನೊಂದವಳು ಕಣ್ಣೀರನ್ನೊರಸಿಕೊಂಡು, ತನಗಾದ ಅನ್ಯಾಯಕ್ಕೆ ಹೊಣೆಯಾರೆಂದು ಸಭೆಯನ್ನೇ ಕೇಳಿದರೆ, ಆ ಮಾತು ಯಾವ ರಸಕ್ಕೆ ಸೇರತಕ್ಕದ್ದು? ಅದನ್ನು ಕೇಳಿದ ಸಹೃದಯನಿಗೆ ಮರುಗುವುದೊಂದೇ ಕೆಲಸವೆ? ಇದು ಲಕ್ಷಣಗ್ರಂಥಗಳಿಗೆ ಮಾತ್ರ ಸಂಬಂಧಿಸಿದ ಚರ್ಚೆಯಲ್ಲ. ದೇವರ ಹೆಸರಿನಲ್ಲಿ ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು, ದೇಹವನ್ನು ಪರಾಧೀನಮಾಡಿಕೊಳ್ಳಬೇಕಾಗಿ ಬಂದ ಕರ್ಣಾಟಕದ ಸ್ತ್ರೀಯರು ಹಲವು ವರ್ಷಗಳಿಂದ ಸರ್ಕಾರದ ಬಾಗಿಲಲ್ಲಿ ನಿಂತು ಕೇಳುತ್ತಿರುವುದು ದಯೆಯನ್ನಲ್ಲ, ಉತ್ತರವನ್ನು. ಅಂಥ ಪ್ರಶ್ನೆಯನ್ನು ಸಾಹಿತ್ಯವು ಎಷ್ಟುಮಟ್ಟಿಗೆ ಕಿವಿಗೊಟ್ಟು ಕೇಳಿದೆಯೆಂಬುದು ವಿಚಾರಾರ್ಹವಾದ ವಿಷಯ.

ಈ ಪ್ರಶ್ನೆಗೆ ಮೂಲಸ್ಥಾನವು ಮಹಾಭಾರತದ ಸಭಾಪರ್ವವೇ ಆಗಿದೆ. ಕರೆಯಲು ಬಂದ ಪ್ರಾತಿಕಾಮಿಯನ್ನು ದ್ರೌಪದಿಯು ಅಳುತ್ತ ಹಿಂಬಾಲಿಸುವುದಿಲ್ಲ. ದೊರೆಯು ಮೊದಲು ಸೋತದ್ದು ತನ್ನನ್ನೋ ತನ್ನ ಪತ್ನಿಯನ್ನೋ ಎಂದು ಕೇಳಿಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸುವಳು. ಆ ಪ್ರಶ್ನೆಯ ಗುರಿ ದುಶ್ಶಾಸನನೊಬ್ಬನೇ ಅಲ್ಲ. ಪೀಠದಲ್ಲಿ ಕುಳಿತ ಹಿರಿಯರೆಲ್ಲರೂ. ಧರ್ಮವು ಸೂಕ್ಷ್ಮವೆಂದು ಭೀಷ್ಮನು ಜಾರಿಕೊಳ್ಳುವನು. ವಿಕರ್ಣನು ಬಾಯ್ದೆರೆದರೆ ಕರ್ಣನು ಗದರಿಸುವನು. ಆಗ ವಿದುರನು ಕಶ್ಯಪನ ಮಾತೆಂದು ಒಂದು ಲೆಕ್ಕವನ್ನು ಹೇಳುವನು: ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧಭಾಗವು ಸಭೆಯ ಮುಖ್ಯನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನೆ ಕುಳಿತವರಿಗೆ. ತಪ್ಪಿತಸ್ಥನನ್ನು ನಿಂದಿಸಿದರೆ ಮಾತ್ರ ಮುಖ್ಯನೂ ಸಭಾಸದರೂ ಪಾಪದಿಂದ ಬಿಡುಗಡೆ ಹೊಂದುವರು. ಆಗ ಪಾಪವೆಲ್ಲವೂ ಮಾಡಿದವನ ಪಾಲಾಗುವುದು. ಕರ್ತೃವಿಗಿಂತಲೂ ಪೀಠಕ್ಕೆ ಇಮ್ಮಡಿ ಹೊಣೆಯನ್ನು ಹೊರಿಸಿದ ಈ ಲೆಕ್ಕವನ್ನು ಪುರಾಣಶ್ರವಣಮಾಡುವ ಮನೆಗಳಲ್ಲಿಯೂ ಜನರು ಮರೆತಿರುವುದು ಸೋಜಿಗವೇ ಸರಿ.

ಇನ್ನು ಶಕುಂತಲೆಯ ಕಥೆ. ಆದಿಪರ್ವದ ಶಕುಂತಲೆಯು ಮಗನನ್ನು ಮುಂದಿರಿಸಿಕೊಂಡು ರಾಜಸಭೆಯಲ್ಲಿ ದೀರ್ಘವಾಗಿ ವಾದಿಸುವಳು. ಅಶರೀರವಾಣಿಯು ಆಕೆಯ ಮಾತನ್ನು ಸತ್ಯವೆಂದು ಸಾರಿದಮೇಲೆ, ತನಗೆ ಎಲ್ಲವೂ ತಿಳಿದಿತ್ತು, ಆಕೆಯ ಮಾತೊಂದನ್ನೇ ನಂಬಿ ಒಪ್ಪಿದ್ದರೆ ಲೋಕವು ಸಂಶಯಪಡುತ್ತಿತ್ತು ಎಂದು ದುಷ್ಯಂತನು ಹೇಳುವನು. ಸಂಸ್ಥೆಯ ಮರ್ಯಾದೆಗಾಗಿ ನೊಂದವಳ ಮಾತನ್ನು ತಳ್ಳಿಹಾಕುವ ಅಧಿಕಾರಸ್ಥರೆಲ್ಲರ ಸಮಾಧಾನವೂ ಇದೇ ಅಲ್ಲವೆ? ವ್ಯಾಸರು ಅದನ್ನು ಬಚ್ಚಿಡಲಿಲ್ಲ. ಕಾಳಿದಾಸನಾದರೋ ದುರ್ವಾಸರ ಶಾಪವನ್ನೂ ಉಂಗುರವನ್ನೂ ಕಲ್ಪಿಸಿದನು. ಐದನೆಯ ಅಂಕದಲ್ಲಿ ಶಕುಂತಲೆಯು ಕಟುವಾಗಿ ನುಡಿಯುವಳೆಂಬುದು ನಿಜ. ಆದರೆ ಶಾಪವು ಬಂದುದರಿಂದ ಅರಸನು ನಿರ್ದೋಷಿಯಾದನು, ಶಕುಂತಲೆಯ ದೂರಿಗೆ ಪ್ರತಿವಾದಿಯೇ ಇಲ್ಲದಂತಾಯಿತು. ನಾಟಕವು ಲೋಕೋತ್ತರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಸೌಂದರ್ಯಕ್ಕೆ ತೆತ್ತ ಬೆಲೆ ಯಾವುದೆಂಬುದನ್ನು ವಿಮರ್ಶಕನು ಕಾಣದಿರಬಾರದು.

ಕಾಣದ ಕಾರಣವೊಂದರ ಮೇಲೆ ಹೊಣೆಯನ್ನು ಹೊರಿಸಿ, ಕಾಣುವ ಮನುಷ್ಯನನ್ನು ಬಿಡಿಸಿಕೊಳ್ಳುವ ಈ ಉಪಾಯಕ್ಕೆ ಶಾಪಯುಕ್ತಿಯೆಂದು ಹೆಸರಿಡಬಹುದು. ಹೊಸಗನ್ನಡ ಸಾಹಿತ್ಯದಲ್ಲಿ ದುರ್ವಾಸರಿಲ್ಲ. ಆದರೆ ವಿಧಿ, ಬಡತನ, ಮೂಢನಂಬಿಕೆ ಎಂಬ ಹೆಸರುಗಳಲ್ಲಿ ಶಾಪವು ಉಳಿದುಕೊಂಡಿದೆ.

1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಈ ದೋಷಕ್ಕೆ ಬಹುಮಟ್ಟಿಗೆ ಹೊರತಾದುದು. ವೆಂಕಟರಾಯರು ಪೊಲೀಸು ಇಲಾಖೆಯಲ್ಲಿದ್ದವರು. ಅಪರಾಧದ ಬೆನ್ನು ಹತ್ತಿ ಆಶ್ರಯದಾತರವರೆಗೆ ಹೋಗಬೇಕೆಂಬುದನ್ನು ಬಲ್ಲವರು. ಬಾಲವಿಧವೆಯಾದ ಇಂದಿರೆಯನ್ನು ಕೆಡಿಸಲೆಳಸುವ ಸಂತವೇಷದವರನ್ನು ಮಾತ್ರವಲ್ಲದೆ, ಅವರಿಗೆ ಮನೆಯ ಬಾಗಿಲು ತೆರೆದವರನ್ನೂ, ಧರ್ಮಾಧಿಕಾರದ ಪೊಳ್ಳನ್ನೂ ಅವರು ಬಯಲಿಗೆಳೆದಿರುವರು. ಇಂದಿರೆಯು ಮನೆಬಿಟ್ಟು ಹೊರಡುವಳು, ಆಶ್ರಯ ಪಡೆಯುವಳು, ವಿದ್ಯೆ ಕಲಿಯುವಳು, ಮರುವಿವಾಹವಾಗುವಳು. ಕೊರತೆ ಒಂದೇ: ಆಕೆಯ ಪರವಾಗಿ ವಾದಿಸುವವರು ಸಜ್ಜನರಾದ ಗಂಡಸರು, ಸಭೆಯಲ್ಲಿ ನಿಂತು ಕೇಳುವ ಮಾತು ಆಕೆಯದಲ್ಲ.

ತುಮಕೂರು ಸೀಮೆಯವರಿಗೆ ‘ಸದಾರಮೆ’ಯ ನಾಟಕವು ಮನೆಮಾತು. ಊರ್ಡಿಗೆರೆಯಿಂದ ಗುಬ್ಬಿಯವರೆಗೆ ಆ ಕಥೆಯನ್ನು ಕೇಳದ ಹಿರಿಯರು ವಿರಳ. ಹೊತ್ತುಕೊಂಡುಹೋದ ಕಳ್ಳನಿಂದ ತನ್ನ ಬುದ್ಧಿಬಲದಿಂದಲೇ ಪಾರಾಗುವ ಧೀರೆ ಸದಾರಮೆ. ಆದರೆ ರಂಗದಲ್ಲಿ ಹೆಚ್ಚಾಗಿ ಮೆರೆದದ್ದು ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ. ಅವರ ಅಭಿನಯಪ್ರತಿಭೆಗೆ ಇದರಿಂದ ಕುಂದಿಲ್ಲ. ಸ್ತ್ರೀಯಪಹಾರದ ಪ್ರಸಂಗದಲ್ಲಿ ಪ್ರೇಕ್ಷಕರ ಮನಸ್ಸು ಯಾರ ಕಡೆಗೆ ವಾಲಿತೆಂಬುದು ಮಾತ್ರ ಯೋಚಿಸತಕ್ಕದ್ದು.

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ 1969ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಗೆಜ್ಜೆಪೂಜೆ’ ಚಿತ್ರವು ಎಷ್ಟೋ ಮನೆಗಳಲ್ಲಿ ಕಣ್ಣೀರು ತರಿಸಿತು. ಸಂಸಾರವನ್ನು ಬಯಸಿದ ಕನ್ಯೆಯನ್ನು ಗೆಜ್ಜೆಪೂಜೆಗೆ ನೂಕಿದಾಗ ಆಕೆಯು ಸಾವನ್ನು ಆರಿಸಿಕೊಳ್ಳುವಳು. ಕರುಣರಸವು ಅಲ್ಲಿ ತುಂಬಿ ತುಳುಕುವುದು. ಆದರೆ ನಾಯಿಕೆಯು ಸತ್ತಮೇಲೆ ದೂರು ಕೊಡುವವರಾರು? ಪ್ರೇಕ್ಷಕರು ಕಣ್ಣೊರಸಿಕೊಂಡು ಮನೆಗೆ ಹೋಗಬಹುದು. ಕಾರಂತರ ‘ಮೈಮನಗಳ ಸುಳಿಯಲ್ಲಿ’ (1970) ಇನ್ನೊಂದು ಹೆಜ್ಜೆ ಮುಂದಿಟ್ಟು, ಬಸರೂರಿನ ಮಂಜುಳೆಯ ಬಾಳನ್ನು ಆಕೆಯ ಬರಹದ ಮೂಲಕವೇ ಕಾಣಿಸಿತು. ಆದರೆ ಆ ಬರಹವೂ ಓದುಗರ ಕೈಸೇರುವುದು ಆಕೆಯ ಕಾಲವು ಮುಗಿದಮೇಲೆ. ಉತ್ತರ ಕೊಡಬೇಕಾದವರು ಆ ವೇಳೆಗೆ ದಾಟಿಹೋಗಿರುವರು.

ಬದುಕಿರುವವರೇ ಮಾತನಾಡಿದರೆ ಹೇಗಿರುವುದೆಂಬುದಕ್ಕೆ ನೆರೆಯ ತಮಿಳಿನಲ್ಲಿ ದೃಷ್ಟಾಂತವುಂಟು. ದೇವದಾಸಿಯರ ಮನೆಯಲ್ಲಿ ಬೆಳೆದು, ಹೊರಬಂದು, ಆ ಪದ್ಧತಿಯ ವಿರುದ್ಧವೇ ಹೋರಾಡಿದ ಮೂವಲೂರು ರಾಮಾಮಿರ್ತಂ ಅಮ್ಮಾಳರು 1936ರಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿ, ಆ ವ್ಯವಹಾರದ ಒಳಸಂಚನ್ನು ಒಳಗಿದ್ದವರ ಕಣ್ಣಿನಿಂದಲೇ ಬರೆದಿಟ್ಟರು. ಕನ್ನಡದಲ್ಲಿ ಅಂಥ ಮಾತು ಕಾದಂಬರಿಗಿಂತ ಹೆಚ್ಚಾಗಿ ಮನವಿಪತ್ರಗಳಲ್ಲಿಯೂ ಸಭೆಗಳಲ್ಲಿಯೂ ಕೇಳಿಬಂದಿದೆ.

ಆ ಮನವಿಗಳ ಹಿನ್ನೆಲೆಯನ್ನು ವಾಚಕರು ತಿಳಿದಿರುವುದು ಯುಕ್ತ. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸು ಪ್ರಾಂತದಲ್ಲಿ 1947ರಲ್ಲಿ ಕಾಯಿದೆಗಳಾದುವು. ಕರ್ಣಾಟಕಕ್ಕೆಲ್ಲ ಅನ್ವಯಿಸುವ ನಿಷೇಧದ ಕಾಯಿದೆಯು 1982ರದು. ಅಷ್ಟರಲ್ಲಿ ಬೆಳಗಾವಿ, ವಿಜಾಪುರ ಸೀಮೆಗಳ ಎಷ್ಟೋ ಹುಡುಗಿಯರು ಮುಂಬಯಿ, ಪುಣೆಗಳ ಸೂಳೆಗೇರಿಗಳಿಗೆ ಸಾಗಿಸಲ್ಪಟ್ಟಿದ್ದರು. ದೇವರ ಹೆಸರು ಮಾರಾಟದ ಮೊದಲ ಮೆಟ್ಟಿಲಾಗಿತ್ತು. 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ಸರ್ಕಾರವು ಗುರುತಿಸಿದ ದೇವದಾಸಿಯರ ಸಂಖ್ಯೆ ಒಟ್ಟು 46,660.

1982ರ ಕಾಯಿದೆಯನ್ನೂ ಒಂದು ಗ್ರಂಥವೆಂದೇ ಓದಿ ನೋಡಬಹುದು. ಮುತ್ತು ಕಟ್ಟುವ ವಿಧಿಯನ್ನು ನಡೆಯಿಸಿದವರಿಗೂ ಅದರಲ್ಲಿ ಭಾಗಿಗಳಾದವರಿಗೂ ಅದು ವಿಧಿಸಿದ್ದು ಮೂರು ವರ್ಷಗಳವರೆಗಿನ ಸೆರೆ. ತಂದೆತಾಯಿಗಳೂ ಬಂಧುಗಳೂ ಆದರೆ ಎರಡು ವರ್ಷಕ್ಕೆ ಕಡಮೆಯಿಲ್ಲದಂತೆ ಐದು ವರ್ಷಗಳವರೆಗೆ. ಹೆತ್ತವರು ನಿರ್ದೋಷಿಗಳೆಂದಲ್ಲ. ಆದರೆ ಮಂತ್ರ ಹೇಳಿದವನಿಗಿಂತ ಕೂಲಿಮಾಡುವ ತಾಯಿಗೆ ಹೆಚ್ಚು ದಂಡನೆ. ಹುಡುಗಿಯನ್ನು ಇರಿಸಿಕೊಂಡ ಧನಿಕನ ಹೆಸರು ಈ ದಂಡವಿಧಿಯಲ್ಲಿ ಪ್ರತ್ಯೇಕವಾಗಿಲ್ಲ. ಅರ್ಧಭಾಗವು ಮುಖ್ಯನಿಗೆಂದ ವಿದುರನ ಲೆಕ್ಕವು ಇಲ್ಲಿ ತಲೆಕೆಳಗಾಯಿತು. ಬಡತನವೆಂಬ ಶಾಪವನ್ನು ಹೊತ್ತವರೇ ಶಾಪಕ್ಕೆ ಹೊಣೆಯೂ ಆದರು.

ಈ ತಲೆಕೆಳಗಾದ ಲೆಕ್ಕವನ್ನು ತಿದ್ದಲು ಹೊರಟವರು ನೊಂದ ಸ್ತ್ರೀಯರೇ. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರದೇ ಆದ ‘ಮಾಸ್’ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಏಳನೆಯ ವಯಸ್ಸಿನಲ್ಲಿ ದೇವರಿಗೆ ಬಿಡಲ್ಪಟ್ಟ ಸೀತವ್ವ ಜೋಡಟ್ಟಿಯವರು ಅದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ದೇವದಾಸಿ ಮಹಿಳೆಯರ ವಿಮೋಚನಾ ಸಂಘದವರು ಮಾಸಾಶನಕ್ಕಾಗಿ, ಪಟ್ಟಿಯಲ್ಲಿ ಬಿಟ್ಟುಹೋದವರ ಮರುಸಮೀಕ್ಷೆಗಾಗಿ, ಮಕ್ಕಳ ಹಕ್ಕಿಗಾಗಿ ಮತ್ತೆ ಮತ್ತೆ ಬೀದಿಗಿಳಿದರು. 2025ರಲ್ಲಿ ವಿಧಾನಮಂಡಲವು ಅಂಗೀಕರಿಸಿದ ಹೊಸ ಕಾಯಿದೆಯಲ್ಲಿ ದೇವದಾಸಿಯ ಮಕ್ಕಳು ತಂದೆಯನ್ನು ಗುರುತಿಸಿ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಸೇರಿತು. ಆದಿಪರ್ವದ ಶಕುಂತಲೆಯು ಮಗನ ಕೈಹಿಡಿದು ಕೇಳಿದ್ದೂ ಇದನ್ನೇ. ಅಶರೀರವಾಣಿಗೆ ಕಾಯದೆ ಹಕ್ಕನ್ನು ಸಾಧಿಸಿಕೊಳ್ಳುವ ದಾರಿಯೊಂದು ಈಗ ತೆರೆದಿದೆ. ಅದನ್ನು ತೆರೆದದ್ದು ಬೇಡಿಕೆಯೇ ಹೊರತು ಬರಿಯ ಮರುಕವಲ್ಲ.

ಸಾಹಿತ್ಯವು ನ್ಯಾಯಾಲಯವಲ್ಲ, ಅರ್ಜಿಯು ಕಾವ್ಯವಲ್ಲವೆಂದು ರಸಿಕರು ಆಕ್ಷೇಪಿಸಬಹುದು. ಅದು ಒಪ್ಪತಕ್ಕ ಮಾತೇ. ಅರ್ಜಿಗಳನ್ನು ಹೊಲಿದು ಕಾದಂಬರಿಯೆಂದು ಕರೆದರೆ ಎರಡಕ್ಕೂ ಹಾನಿ. ಆದರೆ ದ್ರೌಪದಿಯ ಪ್ರಶ್ನೆಯು ಅರ್ಜಿಯೂ ಹೌದು, ಭಾರತಕಾವ್ಯದ ಶಿಖರವೂ ಹೌದು. ಪ್ರಶ್ನೆಯನ್ನು ಅಡಗಿಸಿದರೆ ಮಾತ್ರ ರಸವು ಉಳಿಯುವುದೆಂಬ ಭ್ರಮೆಗೆ ವ್ಯಾಸರೇ ಉತ್ತರ. ಕರುಣವು ಓದುಗನನ್ನು ನೊಂದವಳ ಪಕ್ಕದಲ್ಲಿ ಕೂರಿಸುವುದು. ಪ್ರಶ್ನೆಯಾದರೋ ಅವನನ್ನು ಎಬ್ಬಿಸಿ, ತಾನು ಕುಳಿತಿದ್ದುದು ಯಾವ ಸಭೆಯಲ್ಲೆಂದು ತೋರಿಸುವುದು. ಮೊದಲನೆಯದು ಸುಲಭ, ಎರಡನೆಯದು ಕಷ್ಟ.

ಆದಕಾರಣ ಇಂಥ ವಸ್ತುವುಳ್ಳ ಕೃತಿಯು ಕೈಗೆ ಬಂದಾಗ ವಿಮರ್ಶಕನು ಮೂರು ಸಂಗತಿಗಳನ್ನು ನೋಡಬೇಕು. ನೊಂದವಳು ಕೃತಿಯ ಕೊನೆಯವರೆಗೆ ಬದುಕಿ ಮಾತನಾಡುವಳೆ? ಹೊಣೆಯು ಮನುಷ್ಯನ ಮೇಲೂ ಪೀಠದ ಮೇಲೂ ನಿಲ್ಲುವುದೆ, ಶಾಪದ ಮೇಲೆ ಜಾರುವುದೆ? ಸುಮ್ಮನೆ ಕುಳಿತವರ ಕಾಲುಭಾಗವು ಲೆಕ್ಕಕ್ಕೆ ಬಂದಿದೆಯೆ? ದೇವಾಲಯವೇ ಆಗಲಿ, ಮಠವೇ ಆಗಲಿ, ಸರ್ಕಾರವೇ ಆಗಲಿ, ದೂರು ಕೇಳಿದುದರಿಂದ ಅದರ ಮರ್ಯಾದೆಯು ಕೆಡುವುದಿಲ್ಲ. ತಪ್ಪಿತಸ್ಥನನ್ನು ನಿಂದಿಸಿದ ಸಭೆಯು ಪಾಪಮುಕ್ತವಾಗುವುದೆಂದು ವಿದುರನು ಹೇಳಿದ್ದು ಸಭೆಯ ಹಿತಕ್ಕಾಗಿಯೇ.