ಗಂಡನಿಗೆ ಗೆಳೆಯನಿದ್ದಾನೆ, ಹೆಂಡತಿಗೆ?

ಗಂಡ ಕದ್ದುಮುಚ್ಚಿ ಇನ್ನೊಬ್ಬಳ ಸಹವಾಸ ಮಾಡುವುದು ಬದುಕಿನಲ್ಲಿ ಮನೆ ಮುರಿಯುವ ಸಂಗತಿ. ಸಿನೆಮಾದಲ್ಲಿ ಅದು ಬಹಳ ಸಲ ನಗೆಯ ಸರಕು. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ, 2005ರಲ್ಲಿ ತೆರೆಕಂಡ ‘ರಾಮ ಶಾಮ ಭಾಮ’. ನಟ ರಮೇಶ್ ಅರವಿಂದ್ ನಿರ್ದೇಶಿಸಿದ ಮೊದಲ ಚಿತ್ರವಿದು. ಮೋಸ ಮಾಡುವ ಗಂಡನೂ ಅವರೇ. ಇನ್ನೊಬ್ಬಾಕೆಯಾಗಿ ಡೈಸಿ ಬೋಪಣ್ಣ. ಈ ಗುಟ್ಟು ಕಾಯಲು ಹೋಗಿ ತಾನೇ ಫಜೀತಿಗೆ ಬೀಳುವ ವೈದ್ಯ ಮಿತ್ರನಾಗಿ ಕಮಲ್ ಹಾಸನ್. ಅವರ ಬಾಯಲ್ಲಿ ಹುಬ್ಬಳ್ಳಿ ಕನ್ನಡ ಕೇಳಿ ಜನ ಹೊಟ್ಟೆ ತುಂಬ ನಕ್ಕರು. ಆ ನಗು ನ್ಯಾಯವಾದದ್ದೇ.

ಆದರೆ ಈ ಕಥೆ ನಡೆದುಬಂದ ದಾರಿಯನ್ನು ಗಮನಿಸಬೇಕು. ಕನ್ನಡ ಚಿತ್ರಕ್ಕೆ ಮೂಲ, ಬಾಲು ಮಹೇಂದ್ರ ನಿರ್ದೇಶನದ ತಮಿಳಿನ ‘ಸತಿ ಲೀಲಾವತಿ’ (1995). ಅದಕ್ಕೆ ಪ್ರೇರಣೆ ‘ಶೀ ಡೆವಿಲ್’ ಎಂಬ 1989ರ ಅಮೆರಿಕನ್ ಚಿತ್ರ. ಅದರ ಬೇರು ಬ್ರಿಟಿಷ್ ಲೇಖಕಿ ಫೇ ವೆಲ್ಡನ್ ಅವರ ಕಾದಂಬರಿಯಲ್ಲಿದೆ. ಅಮೆರಿಕನ್ ಚಿತ್ರದಲ್ಲಿ ಗಂಡ ತೊರೆದ ಹೆಂಡತಿ ಅಳುತ್ತಾ ಕೂರುವುದಿಲ್ಲ. ದಾದಿಯೊಬ್ಬಳ ಜೊತೆಗೂಡಿ, ಯಾರಿಗೂ ಬೇಡವಾದ ಹೆಂಗಸರಿಗೆ ಕೆಲಸ ಕೊಡಿಸುವ ಸಂಸ್ಥೆ ತೆರೆಯುತ್ತಾಳೆ. ಗಂಡನ ಲೆಕ್ಕಪತ್ರದ ವಂಚನೆ ಬಯಲಾಗುವುದು ಈ ಹೆಂಗಸರ ನೆರವಿನಿಂದಲೇ.

ನಮ್ಮ ಕಡೆಗೆ ಬರುವಷ್ಟರಲ್ಲಿ ಕಳೆದುಹೋದದ್ದು ಈ ಗೆಳೆತನ. ಗಂಡ, ಹೆಂಡತಿ, ಇನ್ನೊಬ್ಬಾಕೆ ಮೂವರೂ ಬಂದರು. ದಾದಿ ಮಾತ್ರ ಬರಲಿಲ್ಲ. ಅವಳ ಜಾಗದಲ್ಲಿ ಗಂಡನ ಗೆಳೆಯ ಬಂದು ಕುಳಿತ. ಸುಳ್ಳಿಗೆ ಹೆಗಲು ಕೊಡುವವನೂ ಅವನೇ, ಕೊನೆಗೆ ಸಂಸಾರ ಸರಿಪಡಿಸಲು ಓಡಾಡುವವನೂ ಅವನೇ. ಹೆಂಡತಿಯ ನೋವಿಗೂ ಗಂಡಸೇ ಮಧ್ಯಸ್ಥ!

ಈ ನೋವನ್ನು ನಗೆಯಿಲ್ಲದೆ ನೋಡಿದವರು ನಮ್ಮಲ್ಲಿ ಇಲ್ಲವೇ? ಇದ್ದಾರೆ. ಮೈಸೂರಿನ ಅಗ್ರಹಾರಕ್ಕೆ ಸಮೀಪದ ಚಾಮರಾಜಪುರಂನಲ್ಲಿ ಬಾಳಿದ ತ್ರಿವೇಣಿ (1928-1963) ಬರೆದ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಮಾನಸಿಕ ಚಿಕಿತ್ಸೆ ಪಡೆದು ಮನೆಗೆ ಮರಳುವ ಕಾವೇರಿಗೆ (ಚಿತ್ರದಲ್ಲಿ ಕಲ್ಪನಾ) ಗಂಡನಿಗೆ ಬೇರೊಬ್ಬಳ ಸಂಬಂಧವಿರುವುದು ತಿಳಿಯುತ್ತದೆ. ಅವಳನ್ನು ಮತ್ತೆ ಕುಸಿಯುವಂತೆ ಮಾಡಿದ್ದು ಆ ದ್ರೋಹವೊಂದೇ ಅಲ್ಲ. ಸುತ್ತಲಿನವರ ಅನುಮಾನದ ನೋಟವೂ ಹೌದು. ಗೋಡೆಗೆ ಗೋಡೆ ತಾಗಿದ ಹಳೆಯ ಬೀದಿಗಳಲ್ಲಿ ಸುದ್ದಿ ಬೇಗ ಹಬ್ಬುತ್ತದೆ. ಆದರೆ ಸುದ್ದಿ ತಿಳಿಯುವುದು ಬೇರೆ, ಜೊತೆಗೆ ನಿಲ್ಲುವುದು ಬೇರೆ. ಕಾವೇರಿಗೆ ಒಬ್ಬ ಗೆಳತಿಯಿದ್ದಿದ್ದರೆ?

2014ರ ಹಾಲಿವುಡ್ ಚಿತ್ರ ‘ದಿ ಅದರ್ ವುಮನ್’ನಲ್ಲಿ ಹೆಂಡತಿಯೂ ಗಂಡನ ಇಬ್ಬರು ಪ್ರೇಯಸಿಯರೂ ಒಂದಾಗುತ್ತಾರೆ. ಅದೇನೂ ಶ್ರೇಷ್ಠ ಚಿತ್ರವಲ್ಲ. ಸೇಡಿನ ಹೆಸರಿನಲ್ಲಿ ಅಗ್ಗದ ತಮಾಷೆಗಳೂ ಇವೆ. ಆದರೂ ವಂಚನೆಯ ಹೊಣೆ ಯಾರದ್ದೆಂಬ ವಿಷಯದಲ್ಲಿ ಅದಕ್ಕೆ ಗೊಂದಲವಿಲ್ಲ. ಹೆಂಗಸರಿಬ್ಬರು ಜುಟ್ಟು ಹಿಡಿದು ಜಗಳವಾಡುವ ಹಳೆಯ ಚಾಳಿಯನ್ನು ಅದು ಕೈಬಿಟ್ಟಿದೆ.

ದಾಂಪತ್ಯದ್ರೋಹವನ್ನು ಹಾಸ್ಯ ಮಾಡಬಾರದೆಂದು ಯಾರೂ ಹೇಳಲಾರರು. ನಾವು ಯಾರ ಪಕ್ಕದಲ್ಲಿ ಕುಳಿತು ನಗುತ್ತಿದ್ದೇವೆ ಎಂಬುದು ಮುಖ್ಯ. ‘ರಾಮ ಶಾಮ ಭಾಮ’ದಲ್ಲಿ ಶ್ರುತಿ ಮತ್ತು ಊರ್ವಶಿಯಂಥ ನುರಿತ ನಟಿಯರಿದ್ದರು. ಕಥೆಯ ಚುಕ್ಕಾಣಿಯನ್ನು ಆ ಇಬ್ಬರ ಕೈಗೆ ಕೊಟ್ಟಿದ್ದರೆ ನಗು ಕಡಿಮೆಯಾಗುತ್ತಿರಲಿಲ್ಲ, ನ್ಯಾಯ ಮಾತ್ರ ಹೆಚ್ಚಾಗುತ್ತಿತ್ತು.