ಸಿಲ್ವರನ ಊರುಗೋಲು

ಮಕ್ಕಳ ಪುಸ್ತಕಗಳಲ್ಲಿ ಅಂಗವಿಕಲರ ಚಿತ್ರಣ ಎಂಬ ವಿಷಯ ಎಲ್ಲಿ ಬಂದರೂ ಅಲ್ಲಿ ಒಂದು ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಹಳೆಯ ಪುಸ್ತಕಗಳಲ್ಲಿ ಕುಂಟರು, ಕುರುಡರು, ಗೂನರು ಒಂದೋ ಖಳರು, ಇಲ್ಲವೇ ಕಣ್ಣೀರು ಹಾಕಿಸುವುದಕ್ಕೆಂದೇ ಇಟ್ಟ ಗೊಂಬೆಗಳು. ಈಚಿನ ಲೇಖಕರು ಬಂದು ಅದನ್ನೆಲ್ಲ ಸರಿಪಡಿಸಿದರು. ಆದ್ದರಿಂದ ಹಳೆಯದನ್ನು ಅಟ್ಟಕ್ಕೆ ಹಾಕಿ ಹೊಸದನ್ನು ಮಕ್ಕಳ ಕೈಗೆ ಕೊಡಿ. ಖಳರ ಪಟ್ಟಿಯ ತಲೆಯಲ್ಲಿ ಲಾಂಗ್ ಜಾನ್ ಸಿಲ್ವರ್, ಅವನ ಪಕ್ಕದಲ್ಲೇ ಕ್ಯಾಪ್ಟನ್ ಹುಕ್. ಒಬ್ಬನಿಗೆ ಕಾಲಿಲ್ಲ, ಇನ್ನೊಬ್ಬನಿಗೆ ಕೈಯಿಲ್ಲ, ಇಬ್ಬರೂ ಕಡಲ್ಗಳ್ಳರು, ಅಲ್ಲಿಗೆ ವಿಚಾರಣೆ ಮುಗಿಯಿತು. ಈ ಜೋಡಿಯನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೀಗೆ ಬರೆಯುವವರು ‘ಟ್ರೆಷರ್ ಐಲೆಂಡ್’ ಓದಿದ್ದು ಯಾವಾಗ, ಪೂರ್ತಿ ಓದಿದರೋ ಇಲ್ಲವೋ ಎಂದು ಕೇಳಬೇಕೆನಿಸುತ್ತದೆ.

ತೀರ್ಪಿನ ಅರ್ಧಕ್ಕೆ ನನ್ನ ತಕರಾರಿಲ್ಲ. ಲೋಯಿಸ್ ಕೀತ್ 2001ರಲ್ಲಿ ಬಂದ ‘ಟೇಕ್ ಅಪ್ ದೈ ಬೆಡ್ ಅಂಡ್ ವಾಕ್’ ಪುಸ್ತಕದಲ್ಲಿ ಹುಡುಗಿಯರ ಮೆಚ್ಚಿನ ಕಾದಂಬರಿಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದ್ದಾರೆ. ಅವುಗಳಲ್ಲಿ ನಡೆಯಲಾರದ ಮಗುವಿಗೆ ಲೇಖಕರು ಇಟ್ಟಿರುವ ದಾರಿ ಎರಡೇ: ಗುಣವಾಗಬೇಕು, ಇಲ್ಲವೇ ಸಾಯಬೇಕು. ಸೂಸನ್ ಕೂಲಿಜ್ ಬರೆದ ‘ವಾಟ್ ಕೇಟಿ ಡಿಡ್’ (1872) ಕಾದಂಬರಿಯ ಕೇಟಿ ಬೇಡವೆಂದ ಉಯ್ಯಾಲೆ ಹತ್ತಿ ಬೀಳುತ್ತಾಳೆ, ನಾಲ್ಕು ವರ್ಷ ಮಹಡಿಯ ಮೇಲೆ ತಾಳ್ಮೆಯ ಪಾಠ ಕಲಿಯುತ್ತಾಳೆ, ಕಲಿತು ಮುಗಿದ ಮೇಲೆ ಕಾಲು ಬರುತ್ತದೆ. ‘ದಿ ಸೀಕ್ರೆಟ್ ಗಾರ್ಡನ್’ (1911) ಕಾದಂಬರಿಯ ಕಾಲಿನ್‌ಗೆ ತೋಟದ ಗಾಳಿ ಮತ್ತು ಸದ್ವಿಚಾರ ಸಾಕಾಗುತ್ತವೆ. ಕೊನೆಗೆ ಅವನು ಓಟದಲ್ಲಿ ಗೆದ್ದು ಅಪ್ಪನ ತೋಳಿಗೆ ಬೀಳುತ್ತಾನೆ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ‘ಹೈಡಿ’. ಆಡು ಕಾಯುವ ಪೀಟರ್ ಹೊಟ್ಟೆಕಿಚ್ಚಿನಿಂದ ಕ್ಲಾರಾಳ ಗಾಲಿಕುರ್ಚಿಯನ್ನು ಬೆಟ್ಟದ ಇಳಿಜಾರಿಗೆ ತಳ್ಳಿ ನುಚ್ಚುನೂರು ಮಾಡುತ್ತಾನೆ. ಕುರ್ಚಿ ಹೋದ ಮೇಲೆ ಕ್ಲಾರಾ ಎದ್ದು ನಿಲ್ಲುತ್ತಾಳೆ, ಎಲ್ಲವೂ ದೇವರ ಕೃಪೆಯ ಲೆಕ್ಕಕ್ಕೆ ಸೇರುತ್ತದೆ. ಆ ಹುಡುಗಿಯನ್ನು ಕೋಣೆಯಿಂದ ಕೋಣೆಗೆ ಕೊಂಡೊಯ್ದ ವಸ್ತುವೇ ರೋಗ ಎಂಬಂತೆ ಯೋಹಾನ ಸ್ಪೈರಿ ಅದನ್ನು ಪುಡಿ ಮಾಡಿಸಿದರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅಂದಿನಿಂದ ಊರುಗೋಲಿನ ಮೇಲೆ ನಡೆದ ನಾನು ಆ ಪುಟವನ್ನು ಕ್ಷಮಿಸಲಾರೆ. ನನ್ನ ತಕ್ಕಡಿ ಒಂದು ಕಡೆಗೆ ವಾಲಿದೆ ಎಂದು ಯಾರಾದರೂ ಹೇಳುವುದಾದರೆ, ವಾಲಿದೆ, ಮುಂದೆ ಇನ್ನೂ ವಾಲಲಿದೆ.

ಹಾಗಾದರೆ ಹಳೆಯದೆಲ್ಲ ಹೀಗೇ ಎನ್ನಬಹುದೆ? ಕುವೆಂಪು ಅವರ ಕಿಂದರಿಜೋಗಿಯ ಮೂಲಕ ನಮ್ಮ ಮನೆಮಾತಾದ ಕಥೆಗೆ ಮೂಲವಾದ ಬ್ರೌನಿಂಗ್ ಕವನ 1842ರದು. ಅಲ್ಲಿ ಎಲ್ಲ ಮಕ್ಕಳೂ ಕುಣಿಯುತ್ತ ಬೆಟ್ಟದೊಳಗೆ ಹೋಗುತ್ತಾರೆ, ಕುಂಟ ಹುಡುಗನೊಬ್ಬ ದಾರಿಯುದ್ದಕ್ಕೂ ಕುಣಿಯಲಾರದೆ ಹಿಂದೆ ಬೀಳುತ್ತಾನೆ, ಅವನು ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ನಿಧಾನವಾಗಿ ನಡೆಯುವವನಿಗೆ ಜಗತ್ತು ಏನು ಮಾಡುತ್ತದೆ ಎಂಬುದು ಇಷ್ಟರಲ್ಲೇ ಬಂದುಹೋಯಿತು. ಒಳಗೆ ಹೋದರೆ ಕಾಲು ಸರಿಯಾಗುತ್ತದೆ ಎಂಬ ಆಸೆಯನ್ನೂ ಬ್ರೌನಿಂಗ್ ಅವನಿಗೆ ಹುಟ್ಟಿಸಿದ್ದಾನೆ, ನಿಜ. ಆದರೆ ಆ ಆಸೆಯನ್ನು ಪೂರೈಸಿ ಕೈತೊಳೆದುಕೊಳ್ಳಲಿಲ್ಲ.

ಈಗ ಸಿಲ್ವರ್. ಅವನಿರುವ, ಸ್ಟೀವನ್‌ಸನ್ ಬರೆದ ‘ಟ್ರೆಷರ್ ಐಲೆಂಡ್’ ಕಾದಂಬರಿ 1881ರ ಅಕ್ಟೋಬರಿನಿಂದ 1882ರ ಜನವರಿಯವರೆಗೆ ‘ಯಂಗ್ ಫೋಕ್ಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1883ರಲ್ಲಿ ಪುಸ್ತಕವಾಯಿತು. ಸ್ಟೀವನ್‌ಸನ್ ಸಿಲ್ವರನನ್ನು ಕಡೆದದ್ದು ತನ್ನ ಗೆಳೆಯ, ಕವಿ ಡಬ್ಲ್ಯು. ಇ. ಹೆನ್ಲಿಯನ್ನು ನೋಡಿ. ಮೂಳೆಯ ಕ್ಷಯದಿಂದ ಹೆನ್ಲಿಯ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಇನ್ನೊಂದು ಕಾಲನ್ನು ಉಳಿಸಿಕೊಳ್ಳಲು ಅವನು ಎಡಿನ್‌ಬರೋ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನ ಚಿಕಿತ್ಸೆಯಲ್ಲಿ 1873ರಿಂದ 1875ರವರೆಗೆ ಮಲಗಿದ್ದ. ಸ್ಟೀವನ್‌ಸನ್ ಅವನನ್ನು ಮೊದಲು ಕಂಡದ್ದು ಅಲ್ಲೇ. ಅಂಗ ಕಳೆದುಕೊಂಡ ನಿನ್ನ ಬಲವನ್ನೂ ಗತ್ತನ್ನೂ ಕಂಡೇ ಸಿಲ್ವರ್ ಹುಟ್ಟಿದ ಎಂದು ಆಮೇಲೆ ಹೆನ್ಲಿಗೇ ಪತ್ರ ಬರೆದು ಒಪ್ಪಿಕೊಂಡ. ಅಂದರೆ ಈ ಪಾತ್ರದ ಹಿಂದಿರುವುದು ಒಂದು ಮೆಚ್ಚುಗೆ, ಅದೂ ದಿನನಿತ್ಯದ ಒಡನಾಟದಲ್ಲಿ ಬೆಳೆದ ಮೆಚ್ಚುಗೆ.

ಮೆಚ್ಚುಗೆಯಷ್ಟೇ ಸಾಲದು, ಕಣ್ಣು ಬೇಕು. ಸ್ಟೀವನ್‌ಸನ್‌ಗೆ ಎಂಥ ಕಣ್ಣಿತ್ತು ಎಂಬುದನ್ನು ಊರುಗೋಲನ್ನೇ ಹಿಂಬಾಲಿಸಿ ನೋಡಬೇಕು. ಹಡಗಿನಲ್ಲಿ ಸಿಲ್ವರ್ ಅಡುಗೆಯವನು. ಎರಡೂ ಕೈ ಖಾಲಿ ಇರಲೆಂದು ಊರುಗೋಲಿಗೆ ಹುರಿ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಾನೆ. ಅಡುಗೆ ಮಾಡುವಾಗ ಗೋಲಿನ ತುದಿಯನ್ನು ಹಲಗೆಗೋಡೆಗೆ ಒತ್ತಿ ಸಿಕ್ಕಿಸಿ, ಅದಕ್ಕೆ ಒರಗಿ, ಹಡಗು ಹೊಯ್ದಾಡಿದಂತೆ ತಾನೂ ಹೊಯ್ದಾಡುತ್ತ ಸೌಟು ತಿರುಗಿಸುತ್ತಾನೆ. ಬಿರುಗಾಳಿಯ ದಿನ ಹಡಗಿನ ಅಟ್ಟವನ್ನು ದಾಟಬೇಕಾದರೆ ಅಗಲವಾದ ಕಡೆಗಳಲ್ಲಿ ಅಡ್ಡಕ್ಕೆ ಹಗ್ಗ ಕಟ್ಟಿಸಿಕೊಂಡಿದ್ದಾನೆ. ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಕೈ ಬದಲಿಸುತ್ತ, ಒಮ್ಮೆ ಗೋಲು ಊರಿ, ಒಮ್ಮೆ ಅದನ್ನು ಪಕ್ಕದಲ್ಲಿ ಎಳೆದುಕೊಂಡು, ಎರಡು ಕಾಲಿದ್ದವರಷ್ಟೇ ಚುರುಕಾಗಿ ದಾಟುತ್ತಾನೆ. ಆ ಹಗ್ಗಗಳಿಗೆ ನಾವಿಕರು ಲಾಂಗ್ ಜಾನನ ಓಲೆಗಳು ಎಂದು ಹೆಸರಿಟ್ಟಿದ್ದಾರೆ. ಇದಾದ ಕೂಡಲೇ ಸ್ಟೀವನ್‌ಸನ್ ಇನ್ನೊಂದು ಮಾತು ಸೇರಿಸುತ್ತಾನೆ: ಇಷ್ಟಾದರೂ ಹಿಂದೆ ಅವನೊಡನೆ ಹಡಗೇರಿದ್ದ ಕೆಲವರು ಅವನ ಈಗಿನ ಸ್ಥಿತಿಗೆ ಮರುಗುತ್ತಿದ್ದರು. ಕೈಚಳಕ ಒಂದು ಕಡೆ, ಅದನ್ನು ನೋಡುತ್ತಲೇ ಅಯ್ಯೋ ಎನ್ನುವವರು ಇನ್ನೊಂದು ಕಡೆ. ಊರುಗೋಲು ಹಿಡಿದವರಿಗೆ ಈ ಎರಡೂ ದಿನಾ ಎದುರಾಗುತ್ತವೆ. ಇದನ್ನು ಇಷ್ಟು ಸರಿಯಾಗಿ ಹೇಳಿದ ಮಕ್ಕಳ ಪುಸ್ತಕ ಇನ್ನೊಂದನ್ನು ನಾನು ಓದಿಲ್ಲ.

ದ್ವೀಪಕ್ಕೆ ಇಳಿದ ಮೇಲೆ ನೆಲ ಬದಲಾಗುತ್ತದೆ, ಸಿಲ್ವರನ ನಡಿಗೆಯೂ ಬದಲಾಗುತ್ತದೆ. ಎದುರಾಳಿಗಳ ಬಳಿ ಸಂಧಾನಕ್ಕೆ ಬರುವಾಗ ಅವರ ಬೇಲಿಯ ಆಚೆಗೆ ಗೋಲನ್ನು ಎಸೆದು, ಕಾಲು ಎತ್ತಿ ಹಾಕಿ, ಲೀಲಾಜಾಲವಾಗಿ ದಾಟಿದವನು ಮುಂದಿನ ಏರಿನಲ್ಲಿ ಸಿಕ್ಕಿಬೀಳುತ್ತಾನೆ: ಕಡಿದಾದ ದಿಬ್ಬ, ಮರದ ಬೊಡ್ಡೆಗಳು, ಸಡಿಲ ಮರಳು. ಮರಳಿನಲ್ಲಿ ಊರುಗೋಲು ಹೂತುಹೋಗುತ್ತದೆ ಎಂದು ಬರೆಯಲು ಅದನ್ನು ಒಮ್ಮೆಯಾದರೂ ನೋಡಿರಬೇಕು. ಮಾತುಕತೆ ಮುರಿದು ಬೀಳುತ್ತದೆ. ನೆಲದ ಮೇಲೆ ಕೂತಿದ್ದ ಸಿಲ್ವರ್ ಎದ್ದೇಳಲು ಯಾರಾದರೂ ಕೈ ಕೊಡಿ ಎಂದು ಕೇಳುತ್ತಾನೆ. ಒಬ್ಬನೂ ಅಲುಗುವುದಿಲ್ಲ. ಕಾದಂಬರಿಯ ಸಜ್ಜನರೆಲ್ಲ ಅಲ್ಲಿದ್ದಾರೆ, ಕಥೆ ಹೇಳುವ ಹುಡುಗ, ನಮ್ಮ ಜಿಮ್ ಹಾಕಿನ್ಸ್ ಕೂಡ ಇದ್ದಾನೆ. ಸಿಲ್ವರ್ ಬೈಯುತ್ತ ಮರಳಿನ ಮೇಲೆ ತೆವಳಿ, ಬಾಗಿಲ ಚೌಕಿಯನ್ನು ಹಿಡಿದು, ಮತ್ತೆ ಗೋಲಿನ ಮೇಲೆ ಏರುತ್ತಾನೆ. ಲೇಖಕ ಇಲ್ಲಿ ಯಾರ ಪರವೂ ಮಾತಾಡುವುದಿಲ್ಲ. ಆದರೆ ಆ ಪುಟ ಓದಿದ ಮಗುವಿಗೆ ಒಳ್ಳೆಯವರ ಕೈಗಳು ಸುಮ್ಮನಿದ್ದದ್ದು ಮರೆಯುವುದಿಲ್ಲ. ನನಗೆ ಮರೆತಿಲ್ಲ.

ಒಂಟಿಕಾಲನ್ನು ದುಷ್ಟತನದ ಗುರುತಾಗಿ ಬಳಸಿದ್ದಾನೆ ಎಂಬ ಆರೋಪಕ್ಕೆ ಉತ್ತರ ಕಾದಂಬರಿಯ ಆರಂಭದಲ್ಲೇ ಇದೆ. ಮುದಿ ಕಳ್ಳ ಬಿಲ್ಲಿ ಬೋನ್ಸ್ ಒಂಟಿಕಾಲಿನ ನಾವಿಕನ ಮೇಲೆ ಕಣ್ಣಿಡಲು ಜಿಮ್‌ಗೆ ತಿಂಗಳಿಗೊಂದು ಬೆಳ್ಳಿಯ ನಾಣ್ಯ ಕೊಡುತ್ತಾನೆ. ಅಲ್ಲಿಂದ ಜಿಮ್‌ನ ಕನಸುಗಳು ಕೆಡುತ್ತವೆ: ಒಮ್ಮೆ ಮೊಣಕಾಲಿಗೆ ಕತ್ತರಿಸಿದವನು, ಒಮ್ಮೆ ಸೊಂಟಕ್ಕೆ, ಇನ್ನೊಮ್ಮೆ ಮೈಯ ನಡುವೆ ಒಂದೇ ಕಾಲಿರುವ ರಾಕ್ಷಸ. ಕೊನೆಗೆ ಬ್ರಿಸ್ಟಲಿನ ಪಾನಗೃಹದಲ್ಲಿ ನಿಜವಾದ ಸಿಲ್ವರನನ್ನು ಕಂಡಾಗ ಅವನು ಎತ್ತರದ, ಶುಭ್ರವಾದ, ನಗುಮೊಗದ ಯಜಮಾನ. ಇವನು ಅವನಲ್ಲ ಎಂದು ಜಿಮ್ ತೀರ್ಮಾನಿಸಿಬಿಡುತ್ತಾನೆ. ಕನಸಿನ ರಾಕ್ಷಸ ಎಲ್ಲಿಂದ ಬಂದ? ಹುಡುಗನ ತಲೆಯಿಂದ, ಅವನಿಗೆ ಭಯ ಮಾರಿದವನ ಬಾಯಿಂದ. ದೇಹವನ್ನು ಕಂಡು ಮನುಷ್ಯನನ್ನು ಅಳೆದವನು ಜಿಮ್, ಎರಡು ಸಲ ಅಳೆದು ಎರಡು ಸಲವೂ ತಪ್ಪಿದ. ಸ್ಟೀವನ್‌ಸನ್ ತೋರಿಸಿದ್ದು ಆ ತಪ್ಪನ್ನು. ನಮ್ಮ ವಿಮರ್ಶಕರು ಅದನ್ನೇ ಲೇಖಕನ ತಲೆಗೆ ಕಟ್ಟುತ್ತಾರೆ.

ಸಿಲ್ವರ್ ಕೊಲೆಗಾರ, ನಿಜ. ಟಾಮ್ ಎಂಬ ಪ್ರಾಮಾಣಿಕ ನಾವಿಕನ ಬೆನ್ನಿಗೆ ಅದೇ ಊರುಗೋಲನ್ನು ಬೀಸಿ ಎಸೆದು ಕೆಡವುತ್ತಾನೆ, ಗೋಲಿಲ್ಲದೆಯೇ ಹಾರಿ ಹೋಗಿ ಎರಡು ಸಲ ಇರಿಯುತ್ತಾನೆ. ಭಯಂಕರವಾದ ಪುಟ. ಆದರೆ ಬ್ರಿಸ್ಟಲಿನಲ್ಲಿ ಅವನಿಗೆ ನಂಬಿಕಸ್ಥ ಹೆಂಡತಿಯಿದ್ದಾಳೆ, ಬ್ಯಾಂಕಿನಲ್ಲಿ ಖಾತೆಯಿದೆ, ಮಾತಿನಲ್ಲಿ ಮೋಡಿಯಿದೆ. ಜಿಮ್‌ನ ಜೀವ ಉಳಿಸಿದವನೂ ಅವನೇ. ಕೊನೆಗೆ ಮುನ್ನೂರು ನಾಲ್ಕುನೂರು ಗಿನಿ ಬೆಲೆಯ ನಾಣ್ಯದ ಚೀಲ ಹೊತ್ತು ಪರಾರಿಯಾಗುತ್ತಾನೆ. ಅವನು ಗುಣವಾಗಲಿಲ್ಲ, ಸಾಯಲೂ ಇಲ್ಲ. ಕೀತ್ ಹೇಳಿದ ಎರಡು ದಾರಿಗಳ ನಡುವೆ ಸ್ಟೀವನ್‌ಸನ್ ಮೂರನೆಯದನ್ನು ತೆರೆದದ್ದು ಖಳನೆಂದು ಪಟ್ಟಿಗೆ ಸೇರಿಸಿದ ಇವನಿಗೇ. ಅಂಗವಿಕಲ ಪಾತ್ರ ಒಳ್ಳೆಯವನಾಗಿಯೇ ಇರಬೇಕು ಎಂಬ ಇಂದಿನ ಬೇಡಿಕೆಯಲ್ಲಿ ನನಗೆ ಡಿಕನ್ಸನ ಸದ್ಗುಣಿ ಬಾಲಕ ಟೈನಿ ಟಿಮ್‌ನ ಪುಟ್ಟ ಊರುಗೋಲಿನ ಸದ್ದು ಕೇಳಿಸುತ್ತದೆ. ಎರಡು ಕಾಲಿರುವ ಮಕ್ಕಳು ಕಥೆಗಳಲ್ಲಿ ಕದಿಯಬಹುದು, ಸುಳ್ಳು ಹೇಳಬಹುದು, ಗೆಳೆಯನಿಗೆ ಮೋಸ ಮಾಡಿ ಪಶ್ಚಾತ್ತಾಪವಿಲ್ಲದೆ ಇರಬಹುದು. ನಮಗೆ ಮಾತ್ರ ಸದ್ಗುಣ ಕಡ್ಡಾಯ.

ಹುಕ್ ವಿಷಯಕ್ಕೆ ಹೆಚ್ಚು ಜಾಗ ಬೇಡ. ಜೆ. ಎಂ. ಬ್ಯಾರಿಯ ನಾಟಕ 1904ರದು. ಅಲ್ಲಿ ಕೊಕ್ಕೆ ವೇಷದ ಭಾಗ. ಅದರಿಂದ ಅನ್ನ ಹೇಗೆ ಉಣ್ಣುತ್ತಾನೆ, ಗುಂಡಿ ಹೇಗೆ ಹಾಕುತ್ತಾನೆ ಎಂಬುದು ಬ್ಯಾರಿಗೆ ಮುಖ್ಯವಲ್ಲ. ಹೆನ್ಲಿಯ ಮನೆಗೆ ಬ್ಯಾರಿಯೂ ಹೋಗಿಬರುತ್ತಿದ್ದ. ಐದು ವರ್ಷಕ್ಕೇ ತೀರಿಕೊಂಡ ಹೆನ್ಲಿಯ ಮಗಳು ಮಾರ್ಗರೆಟ್‌ಳ ಮುದ್ದುಮಾತಿನಿಂದ ಅವನಿಗೆ ನಾಟಕದ ಹುಡುಗಿಯ ವೆಂಡಿ ಎಂಬ ಹೆಸರು ಸಿಕ್ಕಿತು. ಅದೇ ಮನೆಯ ಯಜಮಾನನಿಂದ ಸ್ಟೀವನ್‌ಸನ್‌ಗೆ ಸಿಕ್ಕಿದ್ದು ಬ್ಯಾರಿಗೆ ಸಿಗಲಿಲ್ಲ.

ಇನ್ನು ಹೊಸ ಪುಸ್ತಕಗಳು. ಆರ್. ಜೆ. ಪಲಾಸಿಯೊ ಅವರ ‘ವಂಡರ್’ (2012) ಈ ತೀರ್ಪಿನವರ ಕಣ್ಮಣಿ. ಹುಟ್ಟಿನಿಂದಲೇ ಮುಖದ ರಚನೆ ಬೇರೆಯಾಗಿರುವ ಆಗಸ್ಟ್ ಮೊದಲ ಸಲ ಶಾಲೆಗೆ ಹೋಗುತ್ತಾನೆ, ಅವಮಾನ ಸಹಿಸುತ್ತಾನೆ, ವರ್ಷದ ಕೊನೆಗೆ ಪದಕ ಪಡೆಯುತ್ತಾನೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಅಂಥದೇ ಮುಖದ ಒಂದು ಮಗುವನ್ನು ಕಂಡು ತನ್ನ ಮಗ ಅತ್ತಾಗ ಗಾಬರಿಯಿಂದ ಜಾಗ ಬಿಟ್ಟು ಹೊರಟುಬಂದ ಘಟನೆಯಿಂದ ಈ ಪುಸ್ತಕ ಹುಟ್ಟಿತೆಂದು ಲೇಖಕಿಯೇ ಹೇಳಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ಪುಸ್ತಕದ ಕಣ್ಣು ಕೊನೆಯವರೆಗೂ ನೋಡಿದವರದೇ. ಕ್ಲಾರಾಳ ಕಾಲು ನೆಟ್ಟಗಾಯಿತು, ಇಲ್ಲಿ ಪ್ರೇಕ್ಷಕರ ಮನಸ್ಸು ನೆಟ್ಟಗಾಯಿತು. ಎರಡರಲ್ಲೂ ಮಗುವಿನ ದೇಹ ಬೇರೆಯವರ ಸಮಾಧಾನಕ್ಕೆ ದುಡಿಯಿತು.

ಕಾಲದಿಂದ ಗುಣ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ರೋಸ್ಮರಿ ಸಟ್‌ಕ್ಲಿಫ್ ಒಬ್ಬರೇ ಸಾಕು. ಎಳವೆಯಲ್ಲೇ ಸಂಧಿವಾತ ಬಂದು ಬದುಕಿನ ಬಹುಭಾಗವನ್ನು ಗಾಲಿಕುರ್ಚಿಯಲ್ಲಿ ಕಳೆದ ಈಕೆ 1958ರಲ್ಲಿ ‘ವಾರಿಯರ್ ಸ್ಕಾರ್ಲೆಟ್’ ಬರೆದರು. ಕಂಚಿನ ಯುಗದ ಹುಡುಗ ಡ್ರೆಮ್‌ನ ಒಂದು ಕೈಗೆ ಶಕ್ತಿಯಿಲ್ಲ. ಬಿಲ್ಲಿಗೆ ಎರಡು ಕೈ ಬೇಕು, ಆದ್ದರಿಂದ ಈಟಿ. ಒಂದು ಕೈ ಕಳೆದುಕೊಂಡ ಬೇಟೆಗಾರ ಟಾಲೋರ್ ಅವನಿಗೆ ದಾರಿ ತೋರಿಸುತ್ತಾನೆ. ಇಲ್ಲಿ ಕೈ ಸರಿಯಾಗುವುದಿಲ್ಲ; ತೋಳದ ಬೇಟೆಯಲ್ಲಿ ಡ್ರೆಮ್ ಒಮ್ಮೆ ಸೋಲುತ್ತಾನೆ, ಆ ಸೋಲು ನಿಜವಾದ ಸೋಲು. ನಮ್ಮಲ್ಲೇ ‘ಸಿಂಪ್ಲಿ ನಂಜು’ ಇದೆ, ಬೆಂಗಳೂರಿನ ಜೈನಬ್ ಸುಲೈಮಾನ್ ಇಂಗ್ಲಿಷಿನಲ್ಲಿ ಬರೆದದ್ದು. ಶಾಲೆಯ ಮಕ್ಕಳೆಲ್ಲರಿಗೂ ಒಂದಲ್ಲ ಒಂದು ಊನವಿರುವುದರಿಂದ ಅಲ್ಲಿ ಅದೊಂದು ಸುದ್ದಿಯೇ ಅಲ್ಲ. ನಂಜುವಿನ ಚಿಂತೆ ತನ್ನ ನಡಿಗೆಯದಲ್ಲ, ಪುಸ್ತಕ ಕಳ್ಳನೆಂಬ ಗುಮಾನಿ ತನ್ನ ಮೇಲೆ ಬಿದ್ದದ್ದು. ಹೊಸದರಲ್ಲಿ ನನಗೆ ಸಿಲ್ವರನ ಬಂಧು ಎನಿಸಿದ ಹುಡುಗ ಇವನು.

ಇಷ್ಟು ಹೇಳಿದ ಮೇಲೆ ಜಗಳ ಅಂಗವಿಕಲತೆಯದಷ್ಟೇ ಅಲ್ಲ ಎಂಬುದು ಸ್ಪಷ್ಟ. ಮಕ್ಕಳ ಪುಸ್ತಕವನ್ನು ಕೈಗೆತ್ತಿಕೊಂಡ ಕೂಡಲೇ ಇದರಿಂದ ಏನು ಕಲಿಯುತ್ತಾರೆ ಎಂದು ಕೇಳುವ ಅಭಿರುಚಿಯೊಂದು ನಮ್ಮಲ್ಲಿ ಬೇರುಬಿಟ್ಟಿದೆ. ಪಂಜೆ ಮಂಗೇಶರಾಯರು ‘ಸಿಗಡಿ ಯಾಕೆ ಒಣಗಲಿಲ್ಲ’ ಬರೆದ ಭಾಷೆಯಲ್ಲಿ ಇದು ಬೇರುಬಿಟ್ಟಿತಲ್ಲ ಎಂದು ನನಗೆ ವ್ಯಥೆ. ಅಷ್ಟಾವಕ್ರನ ಕಥೆಯನ್ನೇ ನೋಡಿ. ಜನಕನ ಸಭೆಯಲ್ಲಿ ಬಂದಿ ಎಂಬ ಪಂಡಿತನನ್ನು ವಾದದಲ್ಲಿ ಸೋಲಿಸಿದ ಆ ಚುರುಕು ಬಾಯಿಯ ಹುಡುಗನ ಜಂಬ, ಜಗಳಗಂಟತನ ಎಷ್ಟು ರಸವತ್ತಾಗಿದೆ. ಮಕ್ಕಳಿಗೆ ಹೇಳುವಾಗ ಅದೆಲ್ಲ ಸೋಸಿಹೋಗಿ, ರೂಪ ನೋಡಿ ಅಳೆಯಬಾರದು ಎಂಬ ಒಂದು ಸಾಲು ಉಳಿಯುತ್ತದೆ. ವನಪರ್ವದಲ್ಲಿ ಕೊನೆಗೆ ಸಮಂಗಾ ನದಿಯಲ್ಲಿ ಮುಳುಗಿ ಅವನ ಅಂಗಗಳು ನೆಟ್ಟಗಾಗುತ್ತವೆ ಎಂಬುದನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಸ್ಪೈರಿಯನ್ನು ಬೈಯುವವರು ಆ ನದಿಯ ದಡದಲ್ಲೂ ಸ್ವಲ್ಪ ಹೊತ್ತು ನಿಲ್ಲಬೇಕು.

ನೀತಿಯ ಈ ಹಸಿವು ಸಂಗ್ರಹಾವೃತ್ತಿಗಳನ್ನೂ ಹಾಳುಮಾಡಿದೆ. ನಾನು ನೋಡಿದ ‘ಟ್ರೆಷರ್ ಐಲೆಂಡ್’ ಸಂಗ್ರಹಗಳಲ್ಲಿ ಕತ್ತರಿ ಮೊದಲು ಆಡಿದ್ದು ಕೊರಳಿನ ಹುರಿಯ ಮೇಲೆ, ಅಟ್ಟದ ಹಗ್ಗಗಳ ಮೇಲೆ, ಮರಳಿನ ಏರಿನ ಮೇಲೆ. ಕಥೆ ಓಡಲು ಅವು ಬೇಡವಂತೆ. ಉಳಿದದ್ದು ಒಂಟಿಕಾಲು ಮತ್ತು ಕೊಲೆ. ಖಳ ಅಂಗವಿಕಲನ ಸಿದ್ಧ ಅಚ್ಚು ತಯಾರಾದದ್ದು ಈ ಕತ್ತರಿಯಲ್ಲಿ. ಆಮೇಲೆ ಅದನ್ನೇ ತೋರಿಸಿ ಸ್ಟೀವನ್‌ಸನ್‌ನನ್ನು ಕಟಕಟೆಗೆ ನಿಲ್ಲಿಸುತ್ತಾರೆ. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಮೇಷ್ಟರು, ಮೇಡಂಗಳು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟೇ: ‘ವಂಡರ್’ ತರಿಸಿ, ‘ಸಿಂಪ್ಲಿ ನಂಜು’ ತಪ್ಪದೆ ತರಿಸಿ, ಆದರೆ ಸಿಲ್ವರನನ್ನು ಪೂರ್ತಿ ಪುಸ್ತಕದಲ್ಲೇ ತರಿಸಿ. ಮಗು ಅವನನ್ನು ಮೆಚ್ಚಿಕೊಂಡುಬಿಟ್ಟರೆ ಏನು ಗತಿ ಎಂಬ ಹೆದರಿಕೆ ಬೇಡ. ಜಿಮ್ ಕೂಡ ಮೆಚ್ಚಿಕೊಂಡಿದ್ದ, ಅವನನ್ನು ಚೆನ್ನಾಗಿ ಅರಿತ ಮೇಲೂ.